ವಿಶ್ವದ ಕೊನೆಯ ಲೆಕ್ಕ: ಶರಾವತಿ ಹಿನ್ನೀರನ್ನೂ ಹಾದುಹೋದ ಒಂದು ಪ್ರಶ್ನೆಯ ಇತಿಹಾಸ

2020ರ ಆರಂಭದ ತಿಂಗಳುಗಳಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಖಗೋಳ ವಿಜ್ಞಾನಿಗಳು ತಾವು ರೂಪಿಸಿದ ‘ಸರಸ್ 3’ ಎಂಬ ರೇಡಿಯೋ ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೆಪ್ಪದ ಮೇಲೆ ಕೂರಿಸಿ ತೇಲಿಬಿಟ್ಟರು. ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ನಿಂತು ಊರು, ಗದ್ದೆ, ತೋಟಗಳನ್ನು ಮುಳುಗಿಸಿದ ಈ ನೀರು ನಾಡಿಗೆ ವಿದ್ಯುತ್ ಕೊಟ್ಟ ಕಥೆ ಎಲ್ಲರಿಗೂ ಗೊತ್ತಿದೆ. ವಿಶ್ವದ ಮೊದಲ ನಕ್ಷತ್ರಗಳ ಕುರಿತ ಒಂದು ದೊಡ್ಡ ವಿವಾದದಲ್ಲಿ ತೂಕದ ಸಾಕ್ಷ್ಯ ಸಿಕ್ಕಿದ್ದೂ ಇದೇ ನೀರಿನ ಮೇಲೆ ಎಂಬುದು ನಮ್ಮ ಜಿಲ್ಲೆಯಲ್ಲಿ ಇನ್ನೂ ಹೆಚ್ಚು ಮಾತಿಗೆ ಬರಬೇಕು.

ಆ ಪ್ರಯೋಗ ಹುಡುಕಿದ್ದು ವಿಶ್ವದ ಆದಿಯನ್ನು. ಈ ಲೇಖನ ವಿಶ್ವದ ಅಂತ್ಯವನ್ನು ಕುರಿತದ್ದು. ಆದರೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳಲ್ಲ. ಮುಂದೆ ಏನಾಗುತ್ತದೆ ಎಂಬುದರ ಬಗ್ಗೆ ಮನುಷ್ಯನಿಗೆ ಇದುವರೆಗೆ ನಂಬಲರ್ಹವಾದ ಮಾತು ಏನಾದರೂ ಸಿಕ್ಕಿದ್ದರೆ, ಅದು ಹಿಂದೆ ಆದದ್ದನ್ನು ಇನ್ನಷ್ಟು ನಿಖರವಾಗಿ ಅಳೆದಾಗಲೇ ಸಿಕ್ಕಿದೆ. ನಮ್ಮ ಪುರಾಣಗಳಲ್ಲಿ ಬ್ರಹ್ಮನ ಒಂದು ಹಗಲೆಂದರೆ 432 ಕೋಟಿ ವರ್ಷ, ಅದು ಮುಗಿದಾಗ ಪ್ರಳಯ. ಈ ಅಂಕಿಯ ಗಾತ್ರವನ್ನು ಕಂಡು ಬೆರಗಾಗುವುದು ಸಹಜವೇ. ಅದನ್ನು ಇಂದಿನ ಅಳತೆಗಳ ಪಕ್ಕದಲ್ಲಿಟ್ಟು ತಾಳೆ ನೋಡುವುದು ಮಾತ್ರ ಎರಡಕ್ಕೂ ನ್ಯಾಯವಲ್ಲ ಎಂದು ನಾನು ತಿಳಿದಿದ್ದೇನೆ. ಒಂದು ಕಾಲದ ಸ್ವರೂಪವನ್ನು ಧ್ಯಾನಿಸಿದ ಚಿಂತನೆ, ಇನ್ನೊಂದು ತಪ್ಪೆಂದು ಸಾಬೀತಾದರೆ ಬಿಟ್ಟುಕೊಡಲು ಸಿದ್ಧವಾಗಿರುವ ಲೆಕ್ಕ.

ಆ ಲೆಕ್ಕಕ್ಕೆ ಮೊದಲ ಸುಳಿವು ಸಿಕ್ಕಿದ್ದು ರಾತ್ರಿಯ ಕತ್ತಲೆಯಲ್ಲಿ. ವಿಶ್ವ ಅನಂತವಾಗಿದ್ದು, ಎಲ್ಲೆಲ್ಲೂ ನಕ್ಷತ್ರಗಳಿದ್ದು, ಅನಾದಿಯಿಂದ ಹೀಗೆಯೇ ಇದ್ದಿದ್ದರೆ ರಾತ್ರಿ ಆಕಾಶ ಕಪ್ಪಾಗಿರಲು ಸಾಧ್ಯವಿಲ್ಲ ಎಂದು ಜರ್ಮನಿಯ ಹೈನ್ರಿಖ್ ಓಲ್ಬರ್ಸ್ 1823ರಲ್ಲಿ ವಾದಿಸಿದರು. ಆಗುಂಬೆಯ ಕಾಡಿನೊಳಗೆ ನಿಂತವರಿಗೆ ಈ ವಾದ ವಿವರಿಸಬೇಕಿಲ್ಲ: ಯಾವ ದಿಕ್ಕಿಗೆ ನೋಡಿದರೂ ದೃಷ್ಟಿ ಹತ್ತಿರದ ಮರಕ್ಕೋ ದೂರದ ಮರಕ್ಕೋ ತಾಗಿ ನಿಲ್ಲುತ್ತದೆ, ಕಾಡಿನಾಚೆಯ ಬಯಲು ಕಾಣುವುದಿಲ್ಲ. ಹಾಗೆಯೇ ಅನಂತ ವಿಶ್ವದಲ್ಲಿ ಪ್ರತಿಯೊಂದು ದೃಷ್ಟಿರೇಖೆಯೂ ಯಾವುದಾದರೊಂದು ನಕ್ಷತ್ರವನ್ನು ಮುಟ್ಟಬೇಕಿತ್ತು, ಇಡೀ ಆಕಾಶ ಸೂರ್ಯಬಿಂಬದಂತೆ ಉರಿಯಬೇಕಿತ್ತು. ಹಾಗಾಗಿಲ್ಲ ಎಂದರೆ ವಿಶ್ವಕ್ಕೆ ಒಂದು ವಯಸ್ಸಿದೆ, ದೂರದ ಬೆಳಕಿಗೆ ನಮ್ಮನ್ನು ತಲುಪುವಷ್ಟು ಸಮಯ ಸಿಕ್ಕಿಲ್ಲ. ಮುಖ್ಯ ಕಾರಣ ಇದೇ ಎಂದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು.

ಅಷ್ಟರಲ್ಲಿ ಅಂತ್ಯದ ಮಾತು ಉಗಿಯಂತ್ರಗಳ ಕಡೆಯಿಂದ ಬಂದಿತ್ತು. ಶಾಖ ಬಿಸಿಯಾದದ್ದರಿಂದ ತಣ್ಣಗಿನದಕ್ಕೆ ಹರಿಯುತ್ತದೆಯೇ ಹೊರತು ತಾನಾಗಿ ಹಿಂದಕ್ಕೆ ಹರಿಯದು. ಆದ್ದರಿಂದ ಕೆಲಸಕ್ಕೆ ಒದಗುವ ಶಕ್ತಿ ಪ್ರಕೃತಿಯಲ್ಲಿ ಸದಾ ಕಡಿಮೆಯಾಗುತ್ತಲೇ ಹೋಗುತ್ತದೆ ಎಂದು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, 1852ರಲ್ಲಿ ಬರೆದರು. 1865ರಲ್ಲಿ ರುಡಾಲ್ಫ್ ಕ್ಲಾಸಿಯಸ್ ಈ ಚದುರುವಿಕೆಯ ಅಳತೆಗೆ ಎಂಟ್ರೊಪಿ ಎಂದು ಹೆಸರಿಟ್ಟು, ವಿಶ್ವದ ಎಂಟ್ರೊಪಿ ಗರಿಷ್ಠ ಮಟ್ಟದತ್ತ ಸಾಗುತ್ತಿದೆ ಎಂದರು. ಎಲ್ಲವೂ ಒಂದೇ ಉಷ್ಣತೆಗೆ ಬಂದು ಏನೂ ನಡೆಯದಂತಾಗುವ ಈ ಸ್ಥಿತಿಗೆ ‘ಉಷ್ಣ ಮರಣ’ ಎಂಬ ಹೆಸರು ನಿಂತಿತು.

1917ರಲ್ಲಿ ಐನ್‌ಸ್ಟೈನ್ ತಮ್ಮ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಇಡೀ ವಿಶ್ವಕ್ಕೆ ಅನ್ವಯಿಸಿದಾಗ, ವಿಶ್ವ ಸ್ಥಿರವಾಗಿ ನಿಲ್ಲಲಾರದು ಎಂಬ ಉತ್ತರ ಬಂತು. ಅದನ್ನು ನಿಲ್ಲಿಸಲು ಅವರು ಸಮೀಕರಣಕ್ಕೆ ಒಂದು ಹೆಚ್ಚುವರಿ ಪದವನ್ನು, ವಿಶ್ವ ಸ್ಥಿರಾಂಕವನ್ನು, ಸೇರಿಸಿದರು. ರಷ್ಯಾದ ಅಲೆಕ್ಸಾಂಡರ್ ಫ್ರೀಡ್‌ಮನ್ 1922ರಲ್ಲಿ ಅದೇ ಸಮೀಕರಣಗಳಿಂದ ಹಿಗ್ಗುವ ಮತ್ತು ಕುಗ್ಗುವ ವಿಶ್ವಗಳನ್ನು ಹೊರತೆಗೆದರು. ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೇತ್ರ 1927ರಲ್ಲಿ ಹಿಗ್ಗುವಿಕೆಯನ್ನು ಗೆಲಾಕ್ಸಿಗಳ ವೇಗಕ್ಕೆ ಹೊಂದಿಸಿ ತೋರಿಸಿದರು.

ಮಳೆಗಾಲ ಕಳೆದು ಅಡಿಕೆ ಕೊಯ್ಲಿನ ದಿನಗಳು ಬಂದಾಗ, ರಾತ್ರಿ ಅಡಿಕೆ ಸುಲಿದು ಎದ್ದವರು ದೀಪ ಆರಿಸಿ ಅಂಗಳದಿಂದ ಉತ್ತರದ ಕಡೆ ಎತ್ತರಕ್ಕೆ ನೋಡಿದರೆ, ದೇವಯಾನಿ ನಕ್ಷತ್ರಪುಂಜದಲ್ಲಿ ಬೆರಳಿನಿಂದ ಒರೆಸಿದಂಥ ಒಂದು ಮಸುಕು ಮಚ್ಚೆ ಬರಿಗಣ್ಣಿಗೇ ಕಾಣುತ್ತದೆ. ಅದೇ ಆಂಡ್ರೊಮಿಡಾ ಗೆಲಾಕ್ಸಿ. ಅಲ್ಲಿಂದ ಬರುವ ಬೆಳಕು ಹೊರಟು 25 ಲಕ್ಷ ವರ್ಷಗಳಾಗಿವೆ. ಅದು ನಮ್ಮ ಆಕಾಶಗಂಗೆಯೊಳಗಿನ ಮೋಡವೋ, ಹೊರಗಿನ ಇನ್ನೊಂದು ಲೋಕವೋ ಎಂಬುದು 1923ರವರೆಗೂ ಇತ್ಯರ್ಥವಾಗಿರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಎಡ್ವಿನ್ ಹಬಲ್ ತೆಗೆದ ಒಂದು ಗಾಜಿನ ಫಲಕ ಇಂದಿಗೂ ಉಳಿದಿದೆ. ನೋವಾ, ಅಂದರೆ ಹಠಾತ್ತನೆ ಹೊಳೆಯುವ ನಕ್ಷತ್ರ, ಎಂದು ಸೂಚಿಸಲು ಒಂದು ಚುಕ್ಕೆಯ ಪಕ್ಕದಲ್ಲಿ ಬರೆದಿದ್ದ ‘ಎನ್’ ಅಕ್ಷರವನ್ನು ಹೊಡೆದುಹಾಕಿ, ಬೆಳಕು ಏರಿಳಿಯುವ ನಕ್ಷತ್ರ ಎಂಬರ್ಥದ ‘ವಾರ್’ ಎಂದು ಆಶ್ಚರ್ಯಸೂಚಕ ಚಿಹ್ನೆಯೊಂದಿಗೆ ಬರೆಯಲಾಗಿದೆ. ಅಂಥ ನಕ್ಷತ್ರದ ಬೆಳಕು ಏರಿಳಿಯುವ ಅವಧಿಯಿಂದ ಅದರ ನಿಜವಾದ ಪ್ರಕಾಶವನ್ನು ಕಂಡುಕೊಳ್ಳುವ ನಿಯಮವನ್ನು ಹೆನ್ರಿಯೆಟಾ ಲೆವಿಟ್ 1912ರ ವೇಳೆಗೆ ಕೊಟ್ಟಿದ್ದರು. ಪ್ರಕಾಶ ತಿಳಿದರೆ ದೂರ ತಿಳಿಯುತ್ತದೆ. ವಿಶ್ವದ ಅಳತೆಗೆ ಸಿಕ್ಕಿದ ಮೊದಲ ನಂಬುಗೆಯ ಮಾನದಂಡ ಅವರದು, ಹೆಸರು ಉಳಿದದ್ದು ಹೆಚ್ಚಾಗಿ ಹಬಲ್ ಅವರದು. ಇದನ್ನು ಬರೆಯುವಾಗಲೆಲ್ಲ ನನಗೆ ಬೇಸರವಾಗುತ್ತದೆ. 1929ರಲ್ಲಿ ಹಬಲ್, ಗೆಲಾಕ್ಸಿ ದೂರವಾದಷ್ಟೂ ಅದು ಹೆಚ್ಚು ವೇಗದಲ್ಲಿ ದೂರ ಸರಿಯುತ್ತಿದೆ ಎಂದು ಪ್ರಕಟಿಸಿದರು. ಐನ್‌ಸ್ಟೈನ್ ತಮ್ಮ ಸ್ಥಿರಾಂಕವನ್ನು ಕೈಬಿಟ್ಟರು.

ಇಲ್ಲಿಂದ ಮುಂದಿನ ಸುಮಾರು 70 ವರ್ಷ ಅಂತ್ಯದ ಪ್ರಶ್ನೆ ಒಂದೇ ಸಂಖ್ಯೆಯ ಸುತ್ತ ನಿಂತಿತು. ಗುರುತ್ವ ಹಿಗ್ಗುವಿಕೆಯನ್ನು ತಡೆಯುತ್ತದೆ. ಎಷ್ಟು ತಡೆಯುತ್ತದೆ ಎಂಬುದು ವಿಶ್ವದಲ್ಲಿ ಎಷ್ಟು ದ್ರವ್ಯವಿದೆ ಎಂಬುದನ್ನು ಅವಲಂಬಿಸಿದೆ. ಹಿಗ್ಗುವಿಕೆಯನ್ನು ನಿಲ್ಲಿಸಲು ಬೇಕಾದ ಗಡಿಯ ಸಾಂದ್ರತೆ, ಇಂದಿನ ಲೆಕ್ಕದಲ್ಲಿ, ಒಂದು ಘನ ಮೀಟರಿಗೆ ಸುಮಾರು 5 ಹೈಡ್ರೊಜನ್ ಪರಮಾಣುಗಳಷ್ಟು ಮಾತ್ರ. ಅದಕ್ಕಿಂತ ಹೆಚ್ಚಿದ್ದರೆ ವಿಶ್ವ ಒಂದು ದಿನ ನಿಂತು, ಹಿಂದಿರುಗಿ, ಮಹಾಕುಸಿತದಲ್ಲಿ ಮುಗಿಯುತ್ತದೆ. ಕಡಿಮೆಯಿದ್ದರೆ ಎಂದೆಂದಿಗೂ ಹಿಗ್ಗುತ್ತದೆ. ಆದಿಯೂ ಇಲ್ಲ, ಅಂತ್ಯವೂ ಇಲ್ಲ, ಹಿಗ್ಗಿದಂತೆಲ್ಲ ಹೊಸ ದ್ರವ್ಯ ಹುಟ್ಟುತ್ತದೆ ಎಂಬ ಸ್ಥಿರಸ್ಥಿತಿ ವಾದವನ್ನು 1948ರಲ್ಲಿ ಹಾಯ್ಲ್, ಬಾಂಡಿ ಮತ್ತು ಗೋಲ್ಡ್ ಮುಂದಿಟ್ಟರು. ಭಾರತದ ಜಯಂತ ನಾರ್ಳೀಕರ್ ಹಾಯ್ಲ್ ಅವರೊಂದಿಗೆ ದುಡಿದು, 2025ರಲ್ಲಿ ತೀರಿಕೊಳ್ಳುವವರೆಗೂ, ವಿಶ್ವ ಅತಿ ಬಿಸಿಯಾದ ದಟ್ಟ ಸ್ಥಿತಿಯಿಂದ ಹಿಗ್ಗುತ್ತಾ ಬಂತೆನ್ನುವ ಮಹಾಸ್ಫೋಟದ ವಾದವನ್ನು ಪ್ರಶ್ನಿಸುವವರ ಸಾಲಿನಲ್ಲೇ ಉಳಿದರು. ಹೆಚ್ಚಿನವರು 1965ರಲ್ಲೇ ಪಕ್ಷ ಬದಲಿಸಿದ್ದರು: ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾಕ್ಕೆ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಸಿಕ್ಕಿದ ಸೂಕ್ಷ್ಮ ತರಂಗಗಳು, ಸುಮಾರು 1,380 ಕೋಟಿ ವರ್ಷಗಳ ಹಿಂದಿನ ಬಿಸಿ ವಿಶ್ವದ ಉಳಿಕೆ ಬೆಳಕೆಂದು ಗೊತ್ತಾಯಿತು.

ಗಡಿಯ ಸಾಂದ್ರತೆಯ ಪ್ರಶ್ನೆಗೆ ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1930ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ 19ರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಇಂಧನ ಮುಗಿದು ಕುಗ್ಗಿದ ಶ್ವೇತಕುಬ್ಜ ನಕ್ಷತ್ರದ ತೂಕಕ್ಕೆ ಒಂದು ಮಿತಿಯಿದೆ ಎಂದು ಲೆಕ್ಕ ಹಾಕಿದ್ದರು. ಅದು ಸೂರ್ಯನ ಸುಮಾರು 1.4 ಪಟ್ಟು. ಜೊತೆಗಾರ ನಕ್ಷತ್ರದಿಂದ ದ್ರವ್ಯ ಸೆಳೆದು ಆ ಮಿತಿಯನ್ನು ಸಮೀಪಿಸಿದ ಶ್ವೇತಕುಬ್ಜ ಸಿಡಿದಾಗ ಹೊಮ್ಮುವ ಬೆಳಕು ಹೆಚ್ಚೂಕಡಿಮೆ ಒಂದೇ ಪ್ರಮಾಣದ್ದಾಗಿರುವುದರಿಂದ, ಅಂಥ ಸೂಪರ್‌ನೋವಾಗಳು ಬಹು ದೂರದ ಅಳತೆಗೋಲಾದವು. ಹಿಗ್ಗುವಿಕೆ ಎಷ್ಟು ನಿಧಾನವಾಗುತ್ತಿದೆ ಎಂದು ತಿಳಿಯಲು ಹೊರಟ ಎರಡು ತಂಡಗಳು 1998ರಲ್ಲಿ, ಈ ಸೂಪರ್‌ನೋವಾಗಳು ಇರಬೇಕಾದುದಕ್ಕಿಂತ ಮಂಕಾಗಿವೆ, ಎಣಿಸಿದ್ದಕ್ಕಿಂತ ದೂರದಲ್ಲಿವೆ, ಅಂದರೆ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ಕಂಡುಕೊಂಡವು. ಪರ್ಲ್‌ಮಟರ್, ಶ್ಮಿಟ್ ಮತ್ತು ರೀಸ್ 2011ರ ನೊಬೆಲ್ ಪಡೆದರು. ಐನ್‌ಸ್ಟೈನ್ ಕೈಬಿಟ್ಟಿದ್ದ ಸ್ಥಿರಾಂಕ, ಹಿಗ್ಗುವಿಕೆಗೆ ವೇಗ ಕೊಡುವ, ಏನೆಂದು ಇನ್ನೂ ತಿಳಿಯದ ಕಪ್ಪು ಶಕ್ತಿಯ ಹೆಸರಿನಲ್ಲಿ ಮರಳಿ ಬಂತು. ಪ್ಲಾಂಕ್ ಉಪಗ್ರಹದ ಅಳತೆಯಂತೆ ವಿಶ್ವದ ಶೇ 68ರಷ್ಟು ಕಪ್ಪು ಶಕ್ತಿ, ಶೇ 27ರಷ್ಟು ಬೆಳಕು ಬೀರದೆ ಗುರುತ್ವದಿಂದಷ್ಟೇ ಗೊತ್ತಾಗುವ ಕಪ್ಪು ದ್ರವ್ಯ. ನಕ್ಷತ್ರ, ಮಣ್ಣು, ನೀರು, ನಾವು ಎಲ್ಲ ಸೇರಿ ಶೇ 5.

ವೇಗ ಹೆಚ್ಚುತ್ತಿದೆ ಎಂದಾದ ಮೇಲೆ ವಿಶ್ವದ ಎಲ್ಲೆಯ ಮಾತೂ ಬದಲಾಯಿತು. ಇಂದು ನಮಗೆ ಬೆಳಕು ತಲುಪಿರುವ ಅತಿ ದೂರದ ಜಾಗ, ನಡುವಿನ ಹಿಗ್ಗುವಿಕೆಯನ್ನು ಸೇರಿಸಿದರೆ, ಈಗ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅದರಾಚೆ ವಿಶ್ವ ಮುಗಿಯುತ್ತದೆ ಎಂದಲ್ಲ. ಅದರಾಚೆಯ ಬೆಳಕು ಬಂದಿಲ್ಲ ಎಂದಷ್ಟೇ. ಇನ್ನೊಂದು ಎಲ್ಲೆ ಇದಕ್ಕಿಂತ ಹತ್ತಿರದಲ್ಲಿದೆ, ನನಗೆ ಇದಕ್ಕಿಂತ ಕಠಿಣವೆನಿಸುವುದೂ ಅದೇ: ಸುಮಾರು 1,600 ಕೋಟಿ ಜ್ಯೋತಿರ್ವರ್ಷಗಳಿಂದಾಚೆ ಈ ಹೊತ್ತು ಏನು ನಡೆದರೂ ಅದರ ಬೆಳಕು, ವಿಶ್ವದ ವೇಗ ಹೀಗೆಯೇ ಏರಿದರೆ, ಎಷ್ಟು ಕಾಲ ಕಾದರೂ ನಮ್ಮನ್ನು ತಲುಪುವುದಿಲ್ಲ. ನಾವು ನೋಡುತ್ತಿರುವ ಗೆಲಾಕ್ಸಿಗಳಲ್ಲಿ ಹೆಚ್ಚಿನವು ಈಗಾಗಲೇ ಆ ಗೆರೆಯನ್ನು ದಾಟಿವೆ; ಕಾಣುತ್ತಿರುವುದು ದಾಟುವ ಮೊದಲು ಹೊರಟ ಬೆಳಕು.

ಈ ಚಿತ್ರ ಸರಿಯಾಗಿದ್ದರೆ ಮುಂದಿನ ದಾರಿಯನ್ನು ಒಂದು ಮಟ್ಟಿಗೆ ಬರೆಯಬಹುದು. ಸುಮಾರು 500 ಕೋಟಿ ವರ್ಷಗಳಲ್ಲಿ ಸೂರ್ಯ ಉಬ್ಬಿ ಕೆಂಪು ದೈತ್ಯನಾಗುತ್ತಾನೆ. ಆಂಡ್ರೊಮಿಡಾ ನಮ್ಮ ಗೆಲಾಕ್ಸಿಗೆ ಬಂದು ಕೂಡುವುದು ಖಚಿತವೆಂದು ಬಹುಕಾಲ ಹೇಳಲಾಗುತ್ತಿತ್ತು. 2025ರ ಒಂದು ಗಣನೆ ಮುಂದಿನ 1,000 ಕೋಟಿ ವರ್ಷಗಳಲ್ಲಿ ಅದರ ಸಂಭವ ಅರ್ಧಕ್ಕರ್ಧ ಎಂದಿದೆ. ಸುಮಾರು ಒಂದು ಕೋಟಿ ಕೋಟಿ ವರ್ಷಗಳ ಹೊತ್ತಿಗೆ ಹೊಸ ನಕ್ಷತ್ರ ಹುಟ್ಟುವುದು ನಿಂತು, ಕೆಂಪು ಕುಬ್ಜಗಳೆಂಬ, ನಿಧಾನವಾಗಿ ಉರಿಯುವ ಕೊನೆಯ ಸಣ್ಣ ನಕ್ಷತ್ರಗಳೂ ಆರುತ್ತವೆ. ಸ್ಟೀಫನ್ ಹಾಕಿಂಗ್ 1974ರಲ್ಲಿ ತೋರಿಸಿದ ಲೆಕ್ಕದಂತೆ ಕಪ್ಪುಕುಳಿಗಳೂ ಶಾಶ್ವತವಲ್ಲ. ಸೂರ್ಯನಷ್ಟು ತೂಕದ್ದು ಕರಗಲು 1ರ ಮುಂದೆ 67 ಸೊನ್ನೆ ಇಟ್ಟಷ್ಟು ವರ್ಷ, ಅತಿ ದೊಡ್ಡವಕ್ಕೆ 100 ಸೊನ್ನೆ ಇಟ್ಟಷ್ಟು.

ಆದರೆ ಅಷ್ಟು ಕಾಲ ದ್ರವ್ಯವೇ ಉಳಿಯುತ್ತದೆಯೇ ಎಂಬುದು ಪರಮಾಣುವಿನ ಬೀಜದಲ್ಲಿರುವ ಪ್ರೋಟಾನ್ ಕಣ ಒಡೆಯುತ್ತದೆಯೇ ಎಂಬುದರ ಮೇಲೆ ನಿಂತಿದೆ, ಮತ್ತು ಆ ಹುಡುಕಾಟದ ಒಂದು ಮುಖ್ಯ ಅಧ್ಯಾಯ ಕರ್ನಾಟಕದ್ದು. 1980ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ಒಸಾಕಾದ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಕಬ್ಬಿಣದ ರಾಶಿಯ ನಡುವೆ ಪ್ರೋಟಾನ್ ಒಡೆಯುವ ಗುರುತಿಗಾಗಿ ಕಾದರು. ಅಂಥ ಕೆಲವು ಘಟನೆಗಳು ಕಂಡವು ಎಂದೂ ವರದಿ ಮಾಡಿದರು. ಬೇರೆ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ; ಇಂದು ಜಪಾನಿನ ಸೂಪರ್ ಕಾಮಿಯೋಕಾಂಡೆ, ಪ್ರೋಟಾನಿನ ಆಯುಷ್ಯ 1ರ ಮುಂದೆ 34 ಸೊನ್ನೆ ಇಟ್ಟಷ್ಟು ವರ್ಷಕ್ಕೂ ಹೆಚ್ಚೆಂದು ಹೇಳುತ್ತದೆ.

ಶರಾವತಿಯ ತೆಪ್ಪ ಈ ಕಥೆಯೊಳಗೆ ಬರುವುದು ಇಂಥದೇ ಇನ್ನೊಂದು ಪರೀಕ್ಷೆಯಾಗಿ. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಹೈಡ್ರೊಜನ್ ಹೀರಿಕೊಂಡ 21 ಸೆಂಟಿಮೀಟರ್ ಅಲೆ, ವಿಶ್ವದೊಂದಿಗೆ ತಾನೂ ಹಿಗ್ಗಿ ಇಂದು ಮೀಟರುಗಟ್ಟಲೆ ಉದ್ದವಾಗಿ, ಎಫ್‌ಎಂ ಕೇಂದ್ರಗಳ ಪಟ್ಟಿಗಿಂತ ಸ್ವಲ್ಪ ಕೆಳಗೆ ನಮ್ಮನ್ನು ತಲುಪಬೇಕು. ಆಸ್ಟ್ರೇಲಿಯಾದಲ್ಲಿ ನೆಲದ ಮೇಲಿಟ್ಟ ಎಡ್ಜಸ್ ಉಪಕರಣ ಆ ಗುರುತನ್ನು 78 ಮೆಗಾಹರ್ಟ್ಸ್ ಬಳಿ ಕಂಡಿದೆ ಎಂದು ಅಮೆರಿಕದ ತಂಡ 2018ರಲ್ಲಿ ಪ್ರಕಟಿಸಿತು. ಗುರುತು ಸಿದ್ಧಾಂತ ಒಪ್ಪುವುದಕ್ಕಿಂತ ಎರಡು ಪಟ್ಟಿಗೂ ಆಳವಾಗಿತ್ತು. ಅದು ನಿಜವಾಗಿದ್ದರೆ ಕಪ್ಪು ದ್ರವ್ಯದ ಬಗ್ಗೆ ತಿಳಿದಿದ್ದನ್ನೇ ತಿದ್ದಬೇಕಾಗುತ್ತಿತ್ತು. ಅನುಮಾನ ಇದ್ದದ್ದು ನೆಲದ ಮೇಲೆ. ಮಣ್ಣು, ಜಂಬಿಟ್ಟಿಗೆ, ತೇವ ಹೀಗೆ ಪದರ ಪದರವಾದ ನೆಲ ಅಲೆಗಳನ್ನು ಒಂದೊಂದು ರೀತಿ ಹಿಂದಿರುಗಿಸಿ, ಇಲ್ಲದ ಗುರುತನ್ನು ಮೂಡಿಸಬಲ್ಲದು. ಆಳವಾದ ನೀರಿನಲ್ಲಿ ಪದರಗಳಿಲ್ಲ. ಹಿನ್ನೀರಿನ ಮೇಲೆ ಸಂಗ್ರಹಿಸಿದ ದತ್ತಾಂಶವನ್ನು ವಿಶ್ಲೇಷಿಸಿ ಸೌರಭ್ ಸಿಂಗ್ ಮತ್ತು ಸಂಗಡಿಗರು 2022ರ ಫೆಬ್ರವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ, ಆ ಆಕಾರದ ಗುರುತು ಇಲ್ಲ ಎಂದು ಶೇ 95.3ರ ಖಚಿತತೆಯಿಂದ ಹೇಳಿದರು.

ಈ ಅನುಭವವನ್ನು ಮನಸ್ಸಿನಲ್ಲಿಟ್ಟುಕೊಂಡೇ ಈಗಿನ ದೊಡ್ಡ ಸುದ್ದಿಯನ್ನು ಓದಬೇಕು. ಅಮೆರಿಕದ ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲೆ 5,000 ಬೆಳಕಿನ ಎಳೆಗಳಿಂದ ಏಕಕಾಲಕ್ಕೆ ಗೆಲಾಕ್ಸಿಗಳ ಬೆಳಕನ್ನು ಹಿಡಿಯುವ ಡೆಸಿ ಉಪಕರಣ, 2025ರ ಮಾರ್ಚ್‌ನಲ್ಲಿ ಸುಮಾರು ಒಂದೂವರೆ ಕೋಟಿ ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ (ಬಹು ದೂರದ, ಅತಿ ಪ್ರಕಾಶದ ಗೆಲಾಕ್ಸಿ ಕೇಂದ್ರಗಳ) ಲೆಕ್ಕವನ್ನು ಮುಂದಿಟ್ಟು, ಕಪ್ಪು ಶಕ್ತಿ ಸ್ಥಿರವಾಗಿಲ್ಲದೆ ಕಾಲಕ್ರಮದಲ್ಲಿ ದುರ್ಬಲವಾಗುತ್ತಿರಬಹುದು ಎಂದಿದೆ. ಯಾವ ಸೂಪರ್‌ನೋವಾ ಪಟ್ಟಿಯೊಂದಿಗೆ ಕೂಡಿಸುತ್ತೇವೆ ಎಂಬುದರ ಮೇಲೆ ಸಾಕ್ಷ್ಯದ ಬಲ 2.8ರಿಂದ 4.2 ಸಿಗ್ಮಾದ ನಡುವೆ ಬರುತ್ತದೆ. ಸಿಗ್ಮಾ ಎಂದರೆ ಫಲಿತಾಂಶ ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಎಷ್ಟು ಕಡಿಮೆ ಎಂಬುದರ ಅಳತೆ; ಭೌತಶಾಸ್ತ್ರದಲ್ಲಿ ಶೋಧವೆಂದು ಒಪ್ಪುವ ರೂಢಿ 5ಕ್ಕೆ. 2023ರಲ್ಲಿ ಹಾರಿದ ಯೂಕ್ಲಿಡ್ ದೂರದರ್ಶಕ ಮತ್ತು 2025ರಲ್ಲಿ ಮೊದಲ ಚಿತ್ರಗಳನ್ನು ಕೊಟ್ಟ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ಬೇರೆ ವಿಧಾನಗಳಿಂದ ಇದನ್ನೇ ಅಳೆಯಲಿವೆ. ಅವು ಹುಡುಕುವುದು ಕಪ್ಪು ಶಕ್ತಿಯ ಒತ್ತಡಕ್ಕೂ ಸಾಂದ್ರತೆಗೂ ಇರುವ ಅನುಪಾತವನ್ನು. ಅದು ಸದಾ -1 ಆಗಿದ್ದರೆ ಮೇಲೆ ಹೇಳಿದ ತಣ್ಣನೆಯ, ಕೊನೆಯಿಲ್ಲದ ಹಿಗ್ಗುವಿಕೆ. -1ಕ್ಕಿಂತ ಕೆಳಗಿದ್ದರೆ ಗೆಲಾಕ್ಸಿಗಳಿಂದ ಪರಮಾಣುಗಳವರೆಗೆ ಎಲ್ಲವನ್ನೂ ಸೀಳುವ, 2003ರಲ್ಲಿ ಕಾಲ್ಡ್‌ವೆಲ್ ಮತ್ತು ಸಂಗಡಿಗರು ವಿವರಿಸಿದ ಮಹಾಸೀಳು. ಮೇಲಕ್ಕೇರುತ್ತಿದ್ದರೆ ವೇಗ ತಗ್ಗಬಹುದು, ಮತ್ತು 1998ರಲ್ಲಿ ಬದಿಗಿಟ್ಟ ಮಹಾಕುಸಿತವನ್ನೂ ಮತ್ತೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಬಹುದು.