ಸಿಂಧ್ ಮುಂಬಯಿಯಿಂದ ಬೇರೆಯಾದದ್ದು ಹೇಗೆ? ದೇಶ ವಿಭಜನೆಯ ಹಿಂದಿನ ಒಂದು ಅಧ್ಯಾಯ

ವಿಭಜನೆಯೆಂದರೆ ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಪಂಜಾಬ್ ಮತ್ತು ಬಂಗಾಳಗಳೇ ನೆನಪಾಗುತ್ತವೆ. ಆದರೆ ಗದಗ, ಹಾವೇರಿಗಳನ್ನೂ ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆ ಮತ್ತು ಈಗ ಪಾಕಿಸ್ತಾನದಲ್ಲಿರುವ ಕರಾಚಿ 1936ರವರೆಗೂ ಒಂದೇ ಮುಂಬಯಿ ಸರಕಾರದ ಆಳ್ವಿಕೆಯಲ್ಲಿದ್ದವು.

ಬ್ರಿಟಿಷರು 1843ರಲ್ಲಿ ಗೆದ್ದ ಸಿಂಧ್ 1847ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದೂರದ ರಾಜಧಾನಿ ತಮ್ಮ ಅಹವಾಲಿಗೆ ಕಿವಿಗೊಡುವುದಿಲ್ಲವೆಂಬ ಸಿಂಧಿಗಳ ಕೊರಗು ಕನ್ನಡಿಗರದ್ದೂ ಆಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇದೇ ಪ್ರಾಂತ್ಯದೊಳಗೆ ಕನ್ನಡಕ್ಕೆ ಒದಗಿದ್ದ ದುಃಸ್ಥಿತಿಯಿಂದಾಗಿ. 1913ರ ಕರಾಚಿ ಕಾಂಗ್ರೆಸ್ ಅಧಿವೇಶನದಲ್ಲಿ ಸಿಂಧ್ ಪ್ರತ್ಯೇಕ ಲಕ್ಷಣಗಳುಳ್ಳ ನಾಡೆಂದು ವಾದಿಸಿದ ಹರಚಂದರಾಯ್ ವಿಶಿನದಾಸ್ ಹಿಂದೂ ಸಮುದಾಯದವರು. ಆ ಬೇಡಿಕೆಗೆ ಆಗಿನ್ನೂ ಧರ್ಮದ ಬಣ್ಣ ಹತ್ತಿರಲಿಲ್ಲ.

ಬಣ್ಣ ಹತ್ತಿದ್ದು ಮತದಾರರ ಪಟ್ಟಿಯಿಂದ. ಬ್ರಿಟಿಷ್ ಸರಕಾರ ತಂದ 1909ರ ಸುಧಾರಣೆಗಳು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು, ಅಂದರೆ ಮುಸ್ಲಿಂ ಮತದಾರರೇ ಮುಸ್ಲಿಂ ಪ್ರತಿನಿಧಿಗಳನ್ನು ಆರಿಸುವ ಕ್ಷೇತ್ರಗಳನ್ನು, ಕೊಟ್ಟವು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದ ಎರಡು ಮನೆಯವರ ಹೆಸರುಗಳು ಎರಡು ಪಟ್ಟಿಗಳಲ್ಲಿ ಬಂದವು. ಒಂದು ಮನೆಗೆ ಮತ ಕೇಳಲು ಬಂದ ಅಭ್ಯರ್ಥಿಗೆ ಪಕ್ಕದ ಮನೆಯ ಬಾಗಿಲು ತಟ್ಟುವ ಅಗತ್ಯವೇ ಉಳಿಯಲಿಲ್ಲ. ಹೀಗೆ ಮತ ಕೇಳುತ್ತ ಬೆಳೆದ ರಾಜಕಾರಣಕ್ಕೆ, ಯಾವ ಪ್ರಾಂತ್ಯದಲ್ಲಿ ಯಾರು ಬಹುಸಂಖ್ಯಾತರು ಎಂಬುದೇ ಮುಖ್ಯವಾದದ್ದು ಸಹಜ. 1927ರಲ್ಲಿ ದಿಲ್ಲಿಯಲ್ಲಿ ಸೇರಿದ ಮುಸ್ಲಿಂ ನಾಯಕರು, ಪ್ರತ್ಯೇಕ ಮತಕ್ಷೇತ್ರಗಳನ್ನು ಬಿಟ್ಟುಕೊಡಬೇಕಾದರೆ ಸಿಂಧ್ ಬೇರೆ ಪ್ರಾಂತ್ಯವಾಗಬೇಕು ಎಂಬುದನ್ನೂ ಒಂದು ಷರತ್ತಾಗಿ ಇಟ್ಟರು. ಹೊಸ ಪ್ರಾಂತ್ಯದಲ್ಲಿ ಅಲ್ಪಸಂಖ್ಯಾತರಾಗುವ ಭಯದಿಂದ ಸಿಂಧಿ ಹಿಂದೂಗಳಲ್ಲಿ ಅನೇಕರು ವಿರೋಧಕ್ಕೆ ನಿಂತರು. ಎರಡೂ ಕಡೆಯ ಆತಂಕ ನಿಜವಾದದ್ದೇ. ಆದರೆ ನೆಲ ಮತ್ತು ನುಡಿಯ ಬೇಡಿಕೆಯೊಂದು ತಲೆ ಎಣಿಕೆಯ ಜಗಳವಾಗಿ ಮಾರ್ಪಟ್ಟಾಗಲೇ ದೊಡ್ಡ ಅವಕಾಶವೊಂದು ಕೈತಪ್ಪಿತು ಎನ್ನದೆ ವಿಧಿಯಿಲ್ಲ.

ಭಾರತದ ಸಂವಿಧಾನದ ರೂಪುರೇಷೆಗಾಗಿ ಮೋತಿಲಾಲ್ ನೆಹರೂ ನೇತೃತ್ವದ ಸಮಿತಿ ಕೊಟ್ಟ 1928ರ ನೆಹರೂ ವರದಿ ಸಿಂಧ್ ಮತ್ತು ಕರ್ನಾಟಕ ಎರಡನ್ನೂ ಪ್ರತ್ಯೇಕ ಪ್ರಾಂತ್ಯಗಳನ್ನಾಗಿಸುವ ಮಾತನಾಡಿತ್ತು. 1936ರ ಏಪ್ರಿಲ್ 1ರಂದು ಸಿಂಧ್, ಒಡಿಶಾಗಳು ಪ್ರಾಂತ್ಯಗಳಾದವು. ಧಾರವಾಡದವರು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಮುಂದಿನದೆಲ್ಲ ವೇಗವಾಗಿ ನಡೆಯಿತು. 1940ರಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ರಾಷ್ಟ್ರಗಳನ್ನು ಕೇಳಿದ ಮುಸ್ಲಿಂ ಲೀಗಿನ ಲಾಹೋರ್ ನಿರ್ಣಯ, 1943ರಲ್ಲಿ ಅದನ್ನು ಬೆಂಬಲಿಸಿದ ಮೊದಲ ಪ್ರಾಂತೀಯ ಶಾಸನಸಭೆಯಾಗಿ ಸಿಂಧ್, 1947ರ ಜೂನ್ 3ರಂದು ವಿಭಜನೆಯ ಯೋಜನೆ. ಗಡಿ ಗುರುತಿಸಲು ಜುಲೈ 8ರಂದು ಭಾರತಕ್ಕೆ ಬಂದ ಬ್ರಿಟಿಷ್ ವಕೀಲ ರಾಡ್‌ಕ್ಲಿಫ್ ಸುಮಾರು ಐದು ವಾರಗಳಲ್ಲಿ ಪಂಜಾಬ್ ಮತ್ತು ಬಂಗಾಳಗಳನ್ನು ಸೀಳುವ ಗೆರೆಗಳನ್ನು ಎಳೆದು ಮುಗಿಸಿದರು. ಸಿಂಧ್‌ನಲ್ಲಿ ಯಾವ ಗೆರೆಯನ್ನೂ ಎಳೆಯಲಿಲ್ಲ. ಅದು ಇಡಿಯಾಗಿ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿನ ಜನಸಂಖ್ಯೆಯ ಸುಮಾರು ಕಾಲು ಭಾಗದಷ್ಟಿದ್ದ ಹಿಂದೂಗಳಿಗೆ, ಪಂಜಾಬಿಗಳಿಗೂ ಬಂಗಾಳಿಗಳಿಗೂ ಇದ್ದಂತೆ, ಗಡಿಯ ಈಚೆ ತಮ್ಮದೇ ನುಡಿಯ ಅರ್ಧ ನಾಡಾದರೂ ಉಳಿಯಲಿಲ್ಲ. 1948ರ ಜನವರಿಯಲ್ಲಿ ಕರಾಚಿಯಲ್ಲಿ ನಡೆದ ಗಲಭೆಯ ನಂತರ ವಲಸೆ ಇನ್ನಷ್ಟು ಹೆಚ್ಚಿತು. ಹನ್ನೆರಡು ವರ್ಷಗಳ ಹಿಂದಷ್ಟೇ ಮುಂಬಯಿ ಪ್ರಾಂತ್ಯದ ನಿವಾಸಿಗಳಾಗಿದ್ದವರು ಅದೇ ಮುಂಬಯಿಯ ಬಂದರಿನಲ್ಲಿ ನಿರಾಶ್ರಿತರಾಗಿ ಹಡಗಿನಿಂದ ಇಳಿದರು. ಅವರಲ್ಲಿ ಸಾವಿರಾರು ಜನರನ್ನು ಕಲ್ಯಾಣದ ಬಳಿ ತೆರವಾಗಿದ್ದ ಸೈನಿಕ ಶಿಬಿರಕ್ಕೆ ಕಳಿಸಲಾಯಿತು. ಆ ಶಿಬಿರವೇ ಇಂದಿನ ಉಲ್ಲಾಸನಗರ.