ಫೋಟೋವಾಯ್ಸ್: ಕ್ಯಾಮೆರಾ ಯಾರ ಕೈಯಲ್ಲಿದೆ?

ಹೆಸರು ಕೇಳಿದರೆ ಮೊಬೈಲ್ ಆ್ಯಪ್ ಇರಬೇಕು ಎನ್ನಿಸುತ್ತದೆ. ಅಲ್ಲ. ತಮ್ಮ ಬದುಕಿನ ಫೋಟೋವನ್ನು ತಾವೇ ತೆಗೆದು, ಅದರ ಕಥೆಯನ್ನು ತಾವೇ ಬರೆದು, ಅಂಥದ್ದನ್ನೇ ಅನುಭವಿಸಿದ ನಾಲ್ಕು ಜನರ ನಡುವೆ ಕೂತು ಮಾತಾಡುವ ಕ್ರಮಕ್ಕೆ ಫೋಟೋವಾಯ್ಸ್ ಎನ್ನುತ್ತಾರೆ. ಕನ್ನಡದಲ್ಲಿ ‘ಚಿತ್ರದನಿ’ ಎಂದರೆ ಹೊಂದೀತು. ಫೋಟೋಥೆರಪಿ ಎಂದರೆ ಗೊಂದಲವಾಗುತ್ತದೆ. ಹೆರಿಗೆ ಆಸ್ಪತ್ರೆಯಲ್ಲಿ ಆ ಮಾತಿಗೆ ಕಾಮಾಲೆಯಾದ ಹಸುಗೂಸನ್ನು ನೀಲಿ ಬೆಳಕಿನಡಿ ಮಲಗಿಸುವುದು ಎಂದರ್ಥ.

ಈ ಕ್ರಮ ಹುಟ್ಟಿದ್ದು ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಗಳಲ್ಲಿ. 1990ರ ದಶಕದ ಆರಂಭದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಎಂಬ ಸಂಶೋಧಕಿಯರು ಅಲ್ಲಿನ 62 ಹೆಂಗಸರಿಗೆ ಕ್ಯಾಮೆರಾ ಕೊಟ್ಟು, ನಿಮ್ಮ ದಿನಗಳನ್ನು ನೀವೇ ತೋರಿಸಿ ಎಂದರು. 1997ರ ಪ್ರಬಂಧವೊಂದರಲ್ಲಿ ಅವರು ಇದನ್ನು ಫೋಟೋವಾಯ್ಸ್ ಎಂದು ಕರೆದರು. ಮನೋರೋಗದಿಂದ ಚೇತರಿಸಿಕೊಳ್ಳುವವರ ಬಳಿಗೆ ಅದು ಬಂದದ್ದು ಆಮೇಲೆ.

ಮನೋರೋಗಕ್ಕೂ ಕ್ಯಾಮೆರಾಕ್ಕೂ ಅದಕ್ಕಿಂತ ಹಳೆಯ ನಂಟಿದೆ, ಅಷ್ಟೇನೂ ಹಿತವಲ್ಲದ ನಂಟು. 1850ರ ದಶಕದಲ್ಲಿ ಇಂಗ್ಲೆಂಡಿನ ಸರ್ರೆ ಕೌಂಟಿಯ ಮಾನಸಿಕ ಆಸ್ಪತ್ರೆಯ ವೈದ್ಯ ಹ್ಯೂ ವೆಲ್ಚ್ ಡೈಮಂಡ್ ತಮ್ಮ ಮಹಿಳಾ ರೋಗಿಗಳ ಫೋಟೋ ತೆಗೆದರು. ಮುಖದಲ್ಲಿ ರೋಗವನ್ನು ಓದಬಹುದೆಂದು ಅವರಿಗೆ ನಂಬಿಕೆ. ರೋಗಿಗೆ ಅವಳದೇ ಚಿತ್ರ ತೋರಿಸಿದರೆ ಒಳಿತಾಗುತ್ತದೆ ಎಂದೂ ಅವರು ಹೇಳಿದ್ದರು. ಆದರೆ ಕ್ಯಾಮೆರಾ ವೈದ್ಯರ ಕೈಯಲ್ಲೇ ಉಳಿಯಿತು, ಅರ್ಥ ಹೇಳುವ ಹಕ್ಕೂ ಅವರದೇ. ಫೋಟೋವಾಯ್ಸ್ ಬದಲಿಸಿದ್ದು ಇದನ್ನೇ.

ಒಂದು ಚಿತ್ರ ಊಹಿಸಿಕೊಳ್ಳಿ. ಬಾಗಿಲ ಬಳಿ ಮೂರು ಜೊತೆ ಚಪ್ಪಲಿ. ಕೆಳಗೆ ಬರಹ: ‘ಹಬ್ಬದ ದಿನ ಇಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಾನು ಆಸ್ಪತ್ರೆಯಿಂದ ಬಂದ ಮೇಲೆ ಇಷ್ಟೇ.’ ಗುಂಪಿನಲ್ಲಿ ಪ್ರಶ್ನೆಗಳು ಏಳುತ್ತವೆ. ಇದರಲ್ಲಿ ಏನು ಕಾಣುತ್ತದೆ? ನಿಜಕ್ಕೂ ನಡೆಯುತ್ತಿರುವುದೇನು? ನಮ್ಮ ಬಾಳಿಗೂ ಇದಕ್ಕೂ ಏನು ಸಂಬಂಧ? ಹೀಗೇಕೆ? ಏನು ಮಾಡಬಹುದು? ‘ಹೀಗೇಕೆ’ ಎಂದಾಗ ಚಿತ್ರ ತೆಗೆದಾಕೆ ‘ನನ್ನಿಂದಲೇ’ ಎನ್ನಬಹುದು. ಆಗ ಪಕ್ಕದವರು ‘ನಮ್ಮ ಮನೆಗೂ ನೆಂಟರು ಬರುವುದು ಬಿಟ್ಟರು’ ಎಂದರೆ, ತಪ್ಪು ತನ್ನೊಬ್ಬಳದೇ ಎಂಬ ಲೆಕ್ಕ ಅಲ್ಲಿಗೇ ಕೆಡುತ್ತದೆ.

ಬಾಸ್ಟನ್ ವಿಶ್ವವಿದ್ಯಾಲಯದ ಮನೋವೈದ್ಯಕೀಯ ಪುನರ್ವಸತಿ ಕೇಂದ್ರ ಇಂಥದೊಂದು ಕಾರ್ಯಕ್ರಮ ರೂಪಿಸಿದೆ. ಮನೋರೋಗವನ್ನು ಸ್ವತಃ ಕಂಡುಂಡವರೇ ಅದನ್ನು ನಡೆಸುತ್ತಾರೆ. 2014ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ, ಭಾಗವಹಿಸಿದವರಲ್ಲಿ ತಮ್ಮ ಬಗ್ಗೆ ತಮಗೇ ಇದ್ದ ಕಳಂಕಭಾವ ಕಡಿಮೆಯಾಗಿತ್ತು. ರೋಗ ವಾಸಿಯಾಯಿತು ಎಂದು ಇದರ ಅರ್ಥವಲ್ಲ. ಮಾತ್ರೆಗೆ ಇದು ಬದಲಿಯೂ ಅಲ್ಲ. ಇದೇ ಕೇಂದ್ರದ ವಿಲಿಯಂ ಆ್ಯಂಟನಿ 1993ರಲ್ಲಿ ವಿವರಿಸಿದಂತೆ, ರೋಗದ ಮಿತಿಗಳು ಉಳಿದರೂ ನೆಮ್ಮದಿ ಮತ್ತು ಭರವಸೆಯಿಂದ ಬಾಳುವುದೇ ಚೇತರಿಕೆ. ನಮ್ಮಲ್ಲಿ ‘ಈಗ ಪೂರ್ತಿ ಗುಣವಾಯಿತಾ?’ ಎಂದು ಕೇಳುವವರೇ ಹೆಚ್ಚು.

ಒಂದು ಕಟ್ಟುನಿಟ್ಟಿದೆ. ಬೇರೆಯವರ ಮುಖ ತೆಗೆಯಬೇಕಾದರೆ ಅವರನ್ನು ಕೇಳಬೇಕು. ತೆಗೆದ ಚಿತ್ರ ಎಲ್ಲಿಗೆ ಹೋಗಬೇಕೆಂದು ಹೇಳುವವರು ತೆಗೆದವರೇ. ಆ ಚಪ್ಪಲಿಗಳ ಚಿತ್ರ ಎಲ್ಲರಿಗೂ ಹಿಡಿಸಿ, ಪ್ರದರ್ಶನದ ಹಿಂದಿನ ರಾತ್ರಿ ಆಕೆ ‘ಬೇಡ’ ಎಂದರೆ, ಬೆಳಿಗ್ಗೆ ಆ ಗೋಡೆ ಖಾಲಿಯಿರುತ್ತದೆ.