ಡೆಬ್ಯುಸಿ ಹಾಡಿನ ‘ನೀನು’ ಮತ್ತು ‘ನೀವು’: 1936ರ ಒಂದು ರೆಕಾರ್ಡಿಂಗ್ ಕೇಳುವವರಿಗೆ

ಫ್ರೆಂಚ್ ಹಾಡುಗಳನ್ನು ಈಗಷ್ಟೇ ಕೇಳಲು ಶುರು ಮಾಡಿದವರಿಗೆ ನಾನು ಮೊದಲು ಹೇಳುವುದು ಈ ರೆಕಾರ್ಡಿಂಗ್ ಬಗ್ಗೆ. ಸೊಪ್ರಾನೊ, ಅಂದರೆ ಎತ್ತರದ ಹೆಣ್ಣುದನಿಯ ಗಾಯಕಿ, ಮ್ಯಾಗಿ ಟೇಟ್, ಪಿಯಾನೊದಲ್ಲಿ ಆಲ್ಫ್ರೆಡ್ ಕೊರ್ತೊ. 1936ರಲ್ಲಿ ಎಚ್‌ಎಂವಿಗಾಗಿ ಲಂಡನ್ನಿನಲ್ಲಿ ಇಬ್ಬರೂ ಕೂಡಿ ಫ್ರೆಂಚ್ ಸಂಗೀತ ರಚನಕಾರ ಕ್ಲೋಡ್ ಡೆಬ್ಯುಸಿಯ ಹಾಡುಗಳನ್ನು ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿದರು. ಹಿಂದೆ ಸರಸರ ಸದ್ದು ಇದೆ, ನಿಜ. ಐದು ನಿಮಿಷ ಕೇಳಿದರೆ ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಟೇಟ್ ಇಂಗ್ಲೆಂಡಿನವರು, ಹುಟ್ಟಿದ್ದು 1888ರಲ್ಲಿ. ಫ್ರಾನ್ಸಿನವರು ತಮ್ಮ ಮನೆತನದ ಹೆಸರನ್ನು ಸರಿಯಾಗಿ ಉಚ್ಚರಿಸಲಿ ಎಂದು ಅದರ ಕಾಗುಣಿತವನ್ನೇ ಬದಲಿಸಿಕೊಂಡರು. 1908ರಲ್ಲಿ, ಇಪ್ಪತ್ತು ವರ್ಷದವರಿದ್ದಾಗ, ಪ್ಯಾರಿಸ್ಸಿನಲ್ಲಿ ಡೆಬ್ಯುಸಿಯ ಒಪೆರಾದಲ್ಲಿ ಮೆಲಿಸಾಂದ್ ಪಾತ್ರ ಹಾಡಿದರು. ಆ ಪಾತ್ರವನ್ನು ಅವರಿಗೆ ಕಲಿಸಿದ್ದು ಸ್ವತಃ ಡೆಬ್ಯುಸಿ. ಈ ತಟ್ಟೆಗಳ ಹೊತ್ತಿಗೆ ಡೆಬ್ಯುಸಿ ತೀರಿಕೊಂಡು ಹದಿನೆಂಟು ವರ್ಷ ಆಗಿತ್ತು. ಆ ಪಾಠ ಕೇಳಿದ ಗಂಟಲು ಇಲ್ಲಿ ಹಾಡುತ್ತಿದೆ ಅಂತ ನೆನೆದರೆ ನನಗೆ ಈಗಲೂ ರೋಮಾಂಚನ ಆಗುತ್ತದೆ.

ಇಂಥ ಹಾಡಿಗೆ ಫ್ರೆಂಚಿನಲ್ಲಿ ‘ಮೆಲೊದಿ’ ಎನ್ನುತ್ತಾರೆ. ಮೊದಲೇ ಇರುವ ಕವಿತೆಗೆ ಸಂಗೀತ ಕಟ್ಟುತ್ತಾರೆ, ಪಿಯಾನೊಗೂ ದನಿಯಷ್ಟೇ ಪಾಲು ಇರುತ್ತದೆ. ಪಾಲ್ ವರ್ಲೇನ್ 1869ರಲ್ಲಿ ‘ಫೆತ್ ಗಲಾಂತ್’ ಎಂಬ ಕವನ ಸಂಗ್ರಹ ತಂದರು. ಡೆಬ್ಯುಸಿ ಅದರಿಂದ ಮೂರು ಮೂರು ಕವಿತೆ ಆರಿಸಿ ಎರಡು ಗುಚ್ಛ ಮಾಡಿದರು. ಎರಡನೆಯದು ಹುಟ್ಟಿದ್ದು 1904ರಲ್ಲಿ. ಆರೂ ಹಾಡುಗಳು ಈ ರೆಕಾರ್ಡಿಂಗಿನಲ್ಲಿವೆ. ನಾವು ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಹಿಡಿದುಕೊಳ್ಳೋಣ.

ಮೊದಲನೆಯದು ‘ಆಂ ಸುರ್ದೀನ್’, ಅಂದರೆ ಮೆಲುದನಿಯಲ್ಲಿ. ಮರಗಳ ಅರೆನೆರಳಿನಲ್ಲಿ ಇಬ್ಬರು ಪ್ರೇಮಿಗಳು. ಸಂಜೆಯಾದಾಗ ನಮ್ಮ ಹತಾಶೆಯ ದನಿಯಾಗಿ ನೈಟಿಂಗೇಲ್ ಹಾಡುತ್ತದೆ ಎಂದು ಕವಿತೆ ಮುಗಿಯುತ್ತದೆ. ಹಕ್ಕಿ ಪದಗಳಲ್ಲಿ ಬರುವುದು ಕೊನೆಗೆ, ಪಿಯಾನೊದಲ್ಲಿ ಮಾತ್ರ ಅದು ಶುರುವಿಗೇ ಕೂಗುತ್ತದೆ. ಕೊರ್ತೊ ಅವರ ಬಲಗೈಯನ್ನು ಕೇಳಿ. ಆ ಚಿಕ್ಕ ಕೂಗು ಬಾಯಿಗೆ ಬರುವವರೆಗೆ ಹತ್ತು ಸಲ ಕೇಳಿ. ಅದು ಮುಂದೆ ಬೇಕು.

ಕೊನೆಯದು ‘ಕೊಲೋಕ್ ಸಾಂತಿಮಾಂತಾಲ್’, ಅಂದರೆ ಭಾವುಕ ಸಂಭಾಷಣೆ. ಹಳೆಯ, ಒಂಟಿ, ಚಳಿ ಕೊರೆಯುವ ಉದ್ಯಾನ. ಎರಡು ನೆರಳುಗಳು ಈಗಷ್ಟೇ ಹಾದುಹೋದವು. ಅವರ ಕಣ್ಣು ಸತ್ತಿವೆ, ಮಾತು ಕೇಳಿಸುವುದೇ ಕಷ್ಟ. ಒಂದು ಕೇಳುತ್ತದೆ: ನಮ್ಮ ಹಳೆಯ ಸುಖ ನಿನಗೆ ನೆನಪಿದೆಯಾ? ಇನ್ನೊಂದು ಹೇಳುತ್ತದೆ: ಯಾಕೆ ನೆನಪಿರಬೇಕು ಅಂತೀರಿ?

ಫ್ರೆಂಚ್ ಮೂಲದಲ್ಲಿ ಕೇಳುವವರದು ‘ತು’, ಅಂದರೆ ನೀನು; ಉತ್ತರ ಕೊಡುವವರದು ‘ವು’, ಅಂದರೆ ನೀವು. ಇಂಗ್ಲಿಷ್ ಅನುವಾದ ಇಟ್ಟುಕೊಂಡು ಓದಿದಾಗ ನನಗೆ ಇದು ಗೊತ್ತೇ ಆಗಿರಲಿಲ್ಲ, ಅಲ್ಲಿ ಎರಡಕ್ಕೂ ಒಂದೇ ಪದ. ಕನ್ನಡಕ್ಕೆ ತಂದುಕೊಂಡ ಕೂಡಲೇ ಎದೆಗೆ ತಾಕಿತು. ಒಬ್ಬರು ಇನ್ನೂ ‘ನೀನು’ ಅನ್ನುತ್ತಿದ್ದಾರೆ, ಇನ್ನೊಬ್ಬರು ‘ನೀವು’ಗೆ ಹೋಗಿಬಿಟ್ಟಿದ್ದಾರೆ. ಒಂದು ಎಚ್ಚರ ಇರಲಿ. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಡತಿ ಗಂಡನಿಗೆ ‘ನೀವು’ ಅನ್ನುವುದು ಗೌರವಕ್ಕೆ. ಹಾಗೆಂದುಕೊಂಡು ಇದನ್ನು ಗಂಡಹೆಂಡಿರ ಮಾತು ಮಾಡಬೇಡಿ. ಯಾರು ಗಂಡು, ಯಾರು ಹೆಣ್ಣು ಎಂದು ಕವಿತೆ ಹೇಳುವುದಿಲ್ಲ. ‘ವು’ ಎಂಬುದು ತಾನಾಗಿ ತಣ್ಣನೆಯ ಪದವೂ ಅಲ್ಲ. ‘ತು’ ಎಂದು ಕರೆದಾಗ ‘ವು’ ಎಂದು ಓಗೊಟ್ಟಿದ್ದರಿಂದ ಅದು ತಣ್ಣಗಾಯಿತು.

ಮುಂದಿನ ಉತ್ತರಗಳು ಇನ್ನೂ ಗಿಡ್ಡ. ಕನಸಿನಲ್ಲಿ ನನ್ನನ್ನು ಕಾಣುತ್ತೀಯಾ? ಇಲ್ಲ. ಎಂಥ ದಿನಗಳವು! ಇರಬಹುದು. ಇದೇ ಮಾತುಕತೆಯಲ್ಲಿ ಪಿಯಾನೊದಿಂದ ‘ಆಂ ಸುರ್ದೀನ್’ ಹಾಡಿನ ನೈಟಿಂಗೇಲ್ ಮರಳಿ ಬರುತ್ತದೆ. ವರ್ಲೇನ್ ಕವಿತೆಯ ಈ ಪುಟದಲ್ಲಿ ಹಕ್ಕಿಯೇ ಇಲ್ಲ. ಡೆಬ್ಯುಸಿ ಅದನ್ನು ತಂದರು. ನೆನಪಿಲ್ಲ ಎಂದು ಬಾಯಿ ಹೇಳುವಾಗ ಪಿಯಾನೊಗೆ ಎಲ್ಲ ನೆನಪಿದೆ. ಎರಡು ಗುಚ್ಛವನ್ನೂ ಒಬ್ಬರೇ ನುಡಿಸಿದ ರೆಕಾರ್ಡಿಂಗ್ ಬೇಕು ಅನ್ನುವುದು ಇದಕ್ಕೇ.

ಉಚ್ಚಾರದ ಬಗ್ಗೆ ಒಂದು ಮಾತು. ಫ್ರೆಂಚ್ ಮಾತಿನಲ್ಲಿ ಪದದ ಕೊನೆಯ ಸ್ವರ ಎಷ್ಟೋ ಸಲ ಬಿದ್ದುಹೋಗುತ್ತದೆ, ಹಾಡಿನಲ್ಲಿ ಮರಳಿ ಬರುತ್ತದೆ. ಚಂದ್ರನಿಗೆ ಮಾತಿನಲ್ಲಿ ‘ಲ್ಯೂನ್’, ಹಾಡಿನಲ್ಲಿ ‘ಲ್ಯೂ-ನ’. ನಾವು ‘ಸುಮ್ನೆ’ ಅಂದು, ಹಾಡುವಾಗ ‘ಸುಮ್ಮನೆ’ ಎಂದು ಬಿಡಿಸುವುದಿಲ್ವಾ, ಹಾಗೇ. ಆ ಕೊನೆಯ ‘ನ’ವನ್ನು ಜಾಸ್ತಿ ಒತ್ತಬಾರದು, ಮುಟ್ಟಿ ಬಿಡಬೇಕು. ಟೇಟ್ ಹೇಗೆ ಬಿಡುತ್ತಾರೆ ಎಂದು ಗಮನಿಸಿ. ನನ್ನ ಕಿವಿಗೆ ಅವರು ಎಲ್ಲೂ ನಾಟಕ ಮಾಡುವುದಿಲ್ಲ. ನಿರೂಪಕ, ‘ನೀನು’ ಅನ್ನುವವರು, ‘ನೀವು’ ಅನ್ನುವವರು, ಮೂವರಿಗೂ ಇರುವುದು ಅದೊಂದೇ ದನಿ. ಪದ ಸ್ಪಷ್ಟವಾಗಿರುವುದರಿಂದಲೇ ಮೂವರೂ ಬೇರೆಯಾಗಿ ನಿಲ್ಲುತ್ತಾರೆ.

ಕೊನೆಯ ಎರಡು ಸಾಲಿನಲ್ಲಿ ಇಬ್ಬರೂ ಕಾಡು ಓಟ್ಸ್ ಹುಲ್ಲಿನ ನಡುವೆ ನಡೆದುಹೋಗುತ್ತಾರೆ. ಅವರ ಮಾತನ್ನು ಕೇಳಿಸಿಕೊಂಡದ್ದು ರಾತ್ರಿಯೊಂದೇ. ಅಷ್ಟು ಹೊತ್ತಿಗೆ ‘ನೀನು’ವೂ ಇಲ್ಲ, ‘ನೀವು’ವೂ ಇಲ್ಲ. ನಿರೂಪಕ ಇಬ್ಬರನ್ನೂ ಬರೀ ‘ಅವರು’ ಅನ್ನುತ್ತಾನೆ.